ಕೈಯಂತ್ರದ ಸಂಗೀತವೂ ಕಿವಿಯ ಸಾಕ್ಷ್ಯವೂ: ಒಂದು ವಿಮರ್ಶೆ

೧

ಜೇಬಿನಲ್ಲಿ ಹಿಡಿಯುವ ಸಂಗೀತಯಂತ್ರದಿಂದ ಹೆಡ್‌ಫೋನಿನ ಮೂಲಕ ಒಳ್ಳೆಯ ಧ್ವನಿಯನ್ನು ಪಡೆಯುವುದು ಹೇಗೆಂಬ ಪ್ರಶ್ನೆ ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಚರ್ಚೆಗೆ ಬರತಕ್ಕದ್ದೇ ಎಂದು ವಾಚಕರಲ್ಲಿ ಕೆಲವರಿಗೆ ಅನ್ನಿಸಬಹುದು. ಅದು ಅಂಗಡಿಯವನೂ ಗಿರಾಕಿಯೂ ಮಾತನಾಡಿ ಮುಗಿಸಬೇಕಾದ ವಿಷಯವೆಂದು ನಾನೂ ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ನನಗೆ ಮನವರಿಕೆಯಾದ ಬಗೆಯನ್ನೂ, ಈ ವಿಷಯದಲ್ಲಿ ಪ್ರಚಾರದಲ್ಲಿರುವ ಅಭಿಪ್ರಾಯಗಳಲ್ಲಿ ಯಾವುದು ನಿಲ್ಲುತ್ತದೆ ಯಾವುದು ನಿಲ್ಲುವುದಿಲ್ಲ ಎಂಬುದನ್ನೂ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ಇತಿಹಾಸವನ್ನು ಬರೆಯುವವನಿಗೆ ಶಾಸನ, ಕಡತ, ವೃತ್ತಪತ್ರಿಕೆಗಳ ಜೊತೆಗೆ ಧ್ವನಿಯೂ ಒಂದು ಆಕರ. ೧೯೦೨ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ನಮ್ಮ ದೇಶದ ಗಾಯಕರ ಕಂಠವನ್ನು ಮುದ್ರಿಸಿಕೊಂಡನು. ಹಾಗೆ ಹಾಡಿದವರಲ್ಲಿ ಪ್ರಸಿದ್ಧಳಾದ ಗೋಹರ್ ಜಾನ್ ತನ್ನ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಆ ಕಾಲದ ತಟ್ಟೆಗಳನ್ನು ಇಂದು ತಟ್ಟೆಯಿಂದಲೇ ಕೇಳುವವರು ಬೆರಳೆಣಿಕೆಯಷ್ಟು ಮಂದಿ. ಉಳಿದ ನಾವೆಲ್ಲರೂ ಅವುಗಳ ಪ್ರತಿಯ ಪ್ರತಿಯನ್ನು ಕೈಯಂತ್ರದಲ್ಲಿ ತುಂಬಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೇಳುತ್ತೇವೆ. ಎಂದಮೇಲೆ ಆ ಯಂತ್ರವೂ ಆ ಹೆಡ್‌ಫೋನೂ ಆಕರಕ್ಕೂ ನಮಗೂ ನಡುವೆ ನಿಂತ ಲಿಪಿಕಾರರಾದುವು. ಲಿಪಿಕಾರನ ಕೈಬರಹವನ್ನು ಪರೀಕ್ಷಿಸದೆ ಗ್ರಂಥಸಂಪಾದನೆ ಮಾಡುವವನನ್ನು ನಾವು ಏನೆನ್ನುತ್ತೇವೆ? ಧ್ವನಿಯ ವಿಷಯದಲ್ಲಿ ಮಾತ್ರ ಆ ಪರೀಕ್ಷೆ ಬೇಡವೆಂಬುದು ಹೇಗೆ ಸರಿಯಾದೀತು?

ಈ ಮಾತನ್ನು ಇತರರಿಗೆ ಬುದ್ಧಿ ಹೇಳುವುದಕ್ಕಾಗಿ ಬರೆಯುತ್ತಿಲ್ಲ; ನಾನೇ ಎಡವಿದವನು. ಕಳೆದ ವರ್ಷ ವಿಭಾಗದ ಗೋಷ್ಠಿಯಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದ ಒಂದು ತಟ್ಟೆಯ ಪ್ರತಿಯನ್ನು ಕುರಿತು ನಾನು ಒಂದು ಪ್ರಬಂಧ ಓದಿದೆ. ಹಾಡಿನ ಹಿನ್ನೆಲೆಯಲ್ಲಿ ಅತಿ ಮಂದ್ರದಲ್ಲಿ ಒಂದು ಶ್ರುತಿ ಎಡೆಬಿಡದೆ ಕೇಳಿಸುತ್ತದೆಂದೂ, ಅದು ಗಾಯಕಿಯ ಷಡ್ಜಕ್ಕೆ ಬಹುಮಟ್ಟಿಗೆ ಕೂಡಿದೆಯೆಂದೂ, ಆದಕಾರಣ ಆ ಕಾಲದ ಮುದ್ರಣದ ಕಹಳೆಯ ಮುಂದೆ ತಂಬೂರಿಯನ್ನೂ ಇರಿಸಿಕೊಳ್ಳುತ್ತಿದ್ದರೆಂಬುದಕ್ಕೆ ಇದೊಂದು ಸಾಕ್ಷ್ಯವೆಂದೂ ವಾದಿಸಿದೆ. ಸಭಿಕರು ಮೆಚ್ಚಿದರು; ನಾನೂ ಹಿಗ್ಗಿದೆ.

ಗೋಷ್ಠಿ ಮುಗಿದ ಮೇಲೆ, ವಿಜ್ಞಾನದಲ್ಲಿ ಪದವಿ ಪಡೆದು ಇತಿಹಾಸದ ಎಂ.ಎ.ಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಆ ಪ್ರತಿಯನ್ನು ತಾನೂ ಕೇಳಬಹುದೆ ಎಂದು ಕೇಳಿದಳು. ಕೊಟ್ಟೆ. ಎರಡು ದಿನಗಳ ಅನಂತರ ಬಂದು, “ಸರ್, ಮುಳ್ಳು ತಟ್ಟೆಯನ್ನು ಮುಟ್ಟುವ ಮೊದಲೇ ಶ್ರುತಿ ಹಿಡಿದುಬಿಟ್ಟಿದೆ” ಎಂದಳು. “ಏನಮ್ಮ, ಹಾಗೆಂದರೆ?” ಎಂದೆ. ಅವಳು ತನ್ನ ಹೆಡ್‌ಫೋನನ್ನು ನನಗೆ ಕೊಟ್ಟಳು. ಮುಳ್ಳು ತಟ್ಟೆಗೆ ತಗುಲುವ ಕರಕರ ಸದ್ದಿಗೆ ಮುಂಚೆಯೇ ಒಂದೆರಡು ಸೆಕೆಂಡುಗಳ ಕಾಲ ನನ್ನ ‘ತಂಬೂರಿ’ ನುಡಿಯುತ್ತಿತ್ತು. ಹಾಡು ಮುಗಿದು ಮುಳ್ಳನ್ನು ಎತ್ತಿದ ಮೇಲೂ ನುಡಿಯುತ್ತಿತ್ತು. ಅದು ತಟ್ಟೆಯಲ್ಲಿ ಇರಲೇ ಇಲ್ಲ. ತಟ್ಟೆಯಿಂದ ಪ್ರತಿ ಮಾಡಿಕೊಂಡವರ ಉಪಕರಣದೊಳಗೆ ಸೇರಿಕೊಂಡ ವಿದ್ಯುತ್ತಿನ ಗುಂಯ್‌ಗುಡುವಿಕೆ ಅದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಅದರ ಗುಂಯ್‌ಕಾರ ಸಾಮಾನ್ಯವಾಗಿ ೫೦ರಲ್ಲೂ ಅದರ ಎರಡರಷ್ಟಾದ ೧೦೦ರಲ್ಲೂ ಕೇಳಿಸುತ್ತದೆ. ಗಾಯಕಿಯ ಷಡ್ಜ ಸುಮಾರು ೨೦೦ ಕಂಪನಗಳ ಬಳಿ ಇದ್ದುದರಿಂದ, ೧೦೦ರ ಗುಂಯ್‌ಕಾರ ಅದಕ್ಕೆ ಕೆಳಸ್ಥಾಯಿಯ ಷಡ್ಜದಂತೆ ಹೊಂದಿಕೊಂಡಿತು. ನನ್ನ ಕೈಯಂತ್ರದಲ್ಲಿ ಮಂದ್ರವನ್ನು ಹೆಚ್ಚಿಸುವ ಗುಂಡಿ ಸದಾ ಒತ್ತಿಯೇ ಇರುತ್ತಿತ್ತು. ಧ್ವನಿ ‘ಚೆನ್ನಾಗಿ’ ಬರಲೆಂದು ನಾನು ಮಾಡಿಕೊಂಡ ಏರ್ಪಾಡೇ ಸುಳ್ಳುಸಾಕ್ಷಿಯನ್ನು ಕಟೆಕಟೆಗೆ ಹತ್ತಿಸಿತ್ತು. ಗೋಷ್ಠಿಯಲ್ಲಿ ನಾನು ಮಂಡಿಸಿದ ಅಭಿಪ್ರಾಯವನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ.

೨

ಇಲ್ಲಿಂದ ಮುಂದಿನ ವಿಚಾರಕ್ಕೆ ಒಂದು ಭೇದವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ‘ಉತ್ತಮ ಧ್ವನಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕೇಳುವವನಿಗೆ ಹಿತವಾದ ಧ್ವನಿ ಎಂಬುದು ಒಂದು. ಮುದ್ರಿತವಾದುದಕ್ಕೆ ನಿಷ್ಠವಾದ ಧ್ವನಿ ಎಂಬುದು ಇನ್ನೊಂದು. ಊಟದಲ್ಲಿ ಒಬ್ಬನು ಉಪ್ಪು ಹೆಚ್ಚಾಗಿ ಹಾಕಿಕೊಂಡರೆ ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅಡುಗೆಯವನು ಉಪ್ಪು ಎಷ್ಟು ಹಾಕಿದ್ದನೆಂದು ತೀರ್ಪು ಹೇಳಬೇಕಾದವನು ತನ್ನ ತಟ್ಟೆಗೆ ಉಪ್ಪು ಬೆರೆಸಿಕೊಂಡು ರುಚಿ ನೋಡಬಾರದು. ಹೆಡ್‌ಫೋನುಗಳ ಮಾರಾಟಗಾರರ ಬರಹಗಳಲ್ಲಿಯೂ ಬಳಕೆದಾರರ ಸಲಹೆಗಳಲ್ಲಿಯೂ ಈ ಎರಡು ಅರ್ಥಗಳು ಸದಾ ಕಲಸಿಹೋಗಿರುತ್ತವೆ. ಮೊದಲನೆಯ ಅರ್ಥದಲ್ಲಿ ಹೊಗಳಿದ ವಸ್ತುವನ್ನು ಎರಡನೆಯ ಅರ್ಥದಲ್ಲಿ ಮಾರಲಾಗುತ್ತದೆ.

ಈ ಬಗೆಯ ಆಲಿಕೆಯ ಪದ್ಧತಿ ಹಳೆಯದೇನಲ್ಲ. ಅಮೆರಿಕದ ಜಾನ್ ಕಾಸ್ ೧೯೫೮ರಲ್ಲಿ ಮನೆಯಲ್ಲಿ ಸ್ಟೀರಿಯೋ ಸಂಗೀತ ಕೇಳುವುದಕ್ಕಾಗಿ ಹೆಡ್‌ಫೋನನ್ನು ಹೊರತಂದನು. ಜಪಾನಿನ ಸೋನಿ ಸಂಸ್ಥೆ ೧೯೭೯ರ ಜುಲೈಯಲ್ಲಿ ವಾಕ್‌ಮನ್ ಎಂಬ ಕ್ಯಾಸೆಟ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಬೆಲೆ ೩೩,೦೦೦ ಯೆನ್. ಒಬ್ಬನೇ ಕಿವಿ ಮುಚ್ಚಿಕೊಂಡು ಕೇಳುವುದು ಅನಾಗರಿಕವೆನಿಸೀತೆಂಬ ಅಳುಕಿನಿಂದಲೋ ಏನೋ, ಆ ಮೊದಲ ಮಾದರಿಯಲ್ಲಿ ಇಬ್ಬರು ಒಟ್ಟಿಗೆ ಕೇಳಲು ಎರಡು ರಂಧ್ರಗಳಿದ್ದುವು. ೨೦೦೧ರ ಅಕ್ಟೋಬರಿನಲ್ಲಿ ಆಪಲ್ ಸಂಸ್ಥೆಯ ಐಪಾಡ್ ಬಂದಿತು. ೨೦೨೨ರಲ್ಲಿ ಅದರ ತಯಾರಿಕೆ ನಿಂತಿತು. ಈಗ ಬಹುಮಂದಿಗೆ ಟೆಲಿಫೋನೇ ಸಂಗೀತಯಂತ್ರ. ಯಂತ್ರ ಬದಲಾದರೂ ‘ಇದಕ್ಕಿಂತ ಚೆನ್ನಾಗಿ ಕೇಳಿಸುವಂತೆ ಮಾಡುವುದು ಹೇಗೆ’ ಎಂಬ ಪ್ರಶ್ನೆ ಮಾತ್ರ ಬದಲಾಗಿಲ್ಲ.

೩

ಆ ಪ್ರಶ್ನೆಗೆ ಪ್ರಚಾರದಲ್ಲಿರುವ ಮೊದಲನೆಯ ಉತ್ತರ, ಕಡತವನ್ನು ಉತ್ತಮಪಡಿಸಬೇಕೆಂಬುದು. ಇದರಲ್ಲಿ ಸತ್ಯಾಂಶ ಬಹಳವಿದೆ. ಸಿ.ಡಿ. ತಟ್ಟೆಯಲ್ಲಿ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿ ಅಳತೆಯನ್ನೂ ೧೬ ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎರಡು ವಾಹಿನಿಗಳಿಗೆ ಸೇರಿ ಸೆಕೆಂಡಿಗೆ ಸುಮಾರು ೧,೪೧೧ ಸಾವಿರ ಬಿಟ್‌ಗಳಾದುವು. ಇಷ್ಟನ್ನು ಸಣ್ಣ ಯಂತ್ರಗಳು ಹೊರಲಾರದ ಕಾಲದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮೊದಲಾದವರು ಎಂ.ಪಿ.ತ್ರಿ ಎಂಬ ಸಂಕ್ಷೇಪಕ್ರಮವನ್ನು ರೂಪಿಸಿದರು. ದೊಡ್ಡ ಸದ್ದಿನ ಮಗ್ಗುಲಲ್ಲಿರುವ ಸಣ್ಣ ಸದ್ದು ಕಿವಿಗೆ ಕೇಳಿಸದೆಂಬುದು ಇದರ ತತ್ತ್ವ. ಕೇಳಿಸದುದನ್ನು ಬರೆದಿಡುವ ಗೋಜಿಗೆ ಅದು ಹೋಗುವುದಿಲ್ಲ. ಸೆಕೆಂಡಿಗೆ ೧೨೮ ಸಾವಿರ ಬಿಟ್‌ಗಳ ಪ್ರತಿಯೆಂದರೆ ಮೂಲದ ಹನ್ನೊಂದನೆಯ ಒಂದು ಪಾಲು. ೩೨೦ ಸಾವಿರದ ಪ್ರತಿಯನ್ನು ಮೂಲದಿಂದ ಬೇರೆಯೆಂದು ಗುರುತಿಸುವುದು ಪಳಗಿದ ಕಿವಿಗೂ ಬಹುಮಟ್ಟಿಗೆ ಕಷ್ಟ.

ಇಲ್ಲಿ ಮುಖ್ಯವಾಗಿ ತಿಳಿಯತಕ್ಕದ್ದು ಎರಡು. ಒಂದು: ಹಾಗೆ ಬಿಟ್ಟುಹೋದುದು ಮತ್ತೆ ಬಾರದು. ಓಲೆಗರಿಯಲ್ಲಿ ಗೆದ್ದಲು ತಿಂದ ಅಕ್ಷರಗಳು ದೀಪವನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಕಾಣಿಸುವುದಿಲ್ಲ. ಹಾಳಾದ ಕಡತಕ್ಕೆ ಬೆಲೆಬಾಳುವ ಯಂತ್ರವನ್ನು ಜೋಡಿಸಿದರೆ ಅದರ ಹಾಳು ಸ್ಪಷ್ಟವಾಗಿ ಕೇಳಿಸೀತು, ಅಷ್ಟೆ. ಎರಡು: ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ದೋಷ ಬೆಳೆಯುತ್ತದೆ. ೧೨೮ರ ಪ್ರತಿಯನ್ನು ಬಿಚ್ಚಿ ೩೨೦ರಲ್ಲಿ ಮತ್ತೆ ಕಟ್ಟಿದರೆ ಗಾತ್ರ ಹೆಚ್ಚುತ್ತದೆಯೇ ಹೊರತು ಗುಣ ಹೆಚ್ಚುವುದಿಲ್ಲ. ತಾಮ್ರಪಟದ ತಪ್ಪು ನಕಲನ್ನು ಚಿನ್ನದ ತಗಡಿನ ಮೇಲೆ ಕೆತ್ತಿದಂತೆ. ತಂತಿಯಿಲ್ಲದ ಹೆಡ್‌ಫೋನುಗಳಲ್ಲಿಯೂ ಈ ಮಾತನ್ನು ನೆನೆಯಬೇಕು. ಬ್ಲೂಟೂತ್ ಮೂಲಕ ಹೋಗುವಾಗ ಧ್ವನಿ ಸಾಮಾನ್ಯವಾಗಿ ಇನ್ನೊಮ್ಮೆ ಸಂಕ್ಷೇಪಗೊಳ್ಳುತ್ತದೆ. ಆದುದರಿಂದ ಸಾಧ್ಯವಿದ್ದಲ್ಲಿ ಮೂಲಕ್ಕೆ ಹತ್ತಿರದ ಪ್ರತಿಯನ್ನೇ ಹುಡುಕಬೇಕು. ಯಾವ ಅಂಶವನ್ನೂ ಕಳೆಯದೆ ಗಾತ್ರವನ್ನು ಮಾತ್ರ ಕುಗ್ಗಿಸುವ ಫ್ಲಾಕ್ ಎಂಬ ಕ್ರಮ ೨೦೦೧ರಿಂದ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ.

೪

ಆದರೆ ಒಂದು ಸತ್ಯಾಂಶವನ್ನು ಹಿಡಿದು ಅದನ್ನು ಮೇರೆ ಮೀರಿ ಎಳೆಯುವುದು ಮನುಷ್ಯಸ್ವಭಾವ. ಸಿ.ಡಿ.ಗಿಂತ ಎಂ.ಪಿ.ತ್ರಿ ಕಡಮೆಯಾದರೆ, ಸಿ.ಡಿ.ಯನ್ನು ಮೀರಿದುದು ಇನ್ನೂ ಹೆಚ್ಚಿನದಾಗಬೇಕಲ್ಲವೆ? ಹಾಡುಗಾರ ನೀಲ್ ಯಂಗ್ ೨೦೧೪ರಲ್ಲಿ ಜನರ ಮುಂಗಡ ಹಣದಿಂದ ‘ಪೋನೋ’ ಎಂಬ ಕೈಯಂತ್ರವನ್ನು ತಯಾರಿಸಲು ಹೊರಟುದು ಈ ನಂಬಿಕೆಯ ಮೇಲೆಯೇ. ಸುಮಾರು ೬೨ ಲಕ್ಷ ಡಾಲರ್ ಕೂಡಿತು. ಮೂರು ಮೂಲೆಯ ಆ ಯಂತ್ರಕ್ಕೆ ಬೆಲೆ ೩೯೯ ಡಾಲರ್. ಸೆಕೆಂಡಿಗೆ ೧,೯೨,೦೦೦ ಅಳತೆಗಳೂ ಅಳತೆಗೆ ೨೪ ಬಿಟ್‌ಗಳೂ ಇರುವ ಕಡತಗಳನ್ನು ಅದು ನುಡಿಸಬಲ್ಲುದಾಗಿತ್ತು. ೨೦೧೭ರ ವೇಳೆಗೆ ಆ ಉದ್ಯಮ ಮುಚ್ಚಿಹೋಯಿತು. ವ್ಯಾಪಾರದ ಸೋಲು ತತ್ತ್ವದ ಸೋಲಲ್ಲ. ಆದುದರಿಂದ ತತ್ತ್ವವನ್ನೇ ಪರೀಕ್ಷಿಸೋಣ.

ಮನುಷ್ಯನ ಕಿವಿ ಕೇಳುವುದು ಸೆಕೆಂಡಿಗೆ ಸುಮಾರು ೨೦ರಿಂದ ೨೦,೦೦೦ ಕಂಪನಗಳವರೆಗೆ. ವಯಸ್ಸಾದಂತೆ ಮೇಲಿನ ಮೇರೆ ಇಳಿಯುತ್ತದೆ. ಒಂದು ಅಲೆಯನ್ನು ಪೂರ್ಣವಾಗಿ ಪುನಃ ಪಡೆಯಲು ಅದರ ಅತ್ಯುನ್ನತ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕೆಂದು ಕ್ಲಾಡ್ ಶಾನನ್ ೧೯೪೯ರ ತನ್ನ ಪ್ರಬಂಧದಲ್ಲಿ ವಿವರಿಸಿದನು. ಈ ಪ್ರಕಾರ ೪೪,೧೦೦ ಅಳತೆಗಳಲ್ಲಿ ೨೨,೦೫೦ ಕಂಪನಗಳ ವರೆಗಿನ ಧ್ವನಿ ಅಡಗುತ್ತದೆ. ೧೬ ಬಿಟ್‌ಗಳಲ್ಲಿ ಅತಿ ಮೆಲ್ಲಗಿನ ಸದ್ದಿಗೂ ಅತಿ ದೊಡ್ಡ ಸದ್ದಿಗೂ ಸುಮಾರು ೯೬ ಡೆಸಿಬೆಲ್ ಅಂತರ ಹಿಡಿಯುತ್ತದೆ. ಸದ್ದಿಲ್ಲದ ಕೋಣೆಯಲ್ಲಿಯೇ ೩೦ ಡೆಸಿಬೆಲ್ ಇರುವಾಗ, ಅದರ ಮೇಲೆ ೯೬ನ್ನು ಕೂಡಿಸಿದರೆ ಕಿವಿ ನೋಯುವ ಮಟ್ಟ ಬರುತ್ತದೆ. ಕೇಳುವುದಕ್ಕೆ ಇದಕ್ಕಿಂತ ಹೆಚ್ಚೇಕೆ?

ಯುಕ್ತಿ ಹೀಗಿರಲು ಪ್ರಯೋಗವೇನು ಹೇಳುತ್ತದೆ? ಮೇಯರ್ ಮತ್ತು ಮೋರನ್ ಎಂಬವರು ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೆಚ್ಚಿನ ಅಳತೆಯ ಧ್ವನಿಯನ್ನು ನೇರವಾಗಿಯೂ ಸಿ.ಡಿ.ಯ ಅಳತೆಗೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ತಿಳಿಸದೆ ಗುರುತಿಸಲು ಹೇಳಿದರು. ೫೫೪ ಪ್ರಯತ್ನಗಳಲ್ಲಿ ಸರಿಯಾದುವು ೨೭೬. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಪ್ರತಿಪಕ್ಷಕ್ಕೂ ನ್ಯಾಯ ಸಲ್ಲಬೇಕು: ಜೋಶುವಾ ರೈಸ್ ೨೦೧೬ರಲ್ಲಿ ೧೮ ಪ್ರಯೋಗಗಳ, ೧೨,೫೦೦ಕ್ಕೂ ಮೀರಿದ ಪ್ರಯತ್ನಗಳ ಫಲವನ್ನು ಒಟ್ಟುಗೂಡಿಸಿ, ಸರಿಯಾದ ಉತ್ತರಗಳು ಶೇಕಡ ೫೨.೩ ಎಂದೂ, ಕಿವಿಯನ್ನು ಚೆನ್ನಾಗಿ ಪಳಗಿಸಿದವರಲ್ಲಿ ಈ ಭೇದ ಹೆಚ್ಚೆಂದೂ ತೋರಿಸಿದನು. ಭೇದವೇ ಇಲ್ಲವೆಂದು ಹಟ ಹಿಡಿಯುವುದು ಹೀಗಾಗಿ ಸರಿಯಲ್ಲ. ಆದರೆ ನೂರರಲ್ಲಿ ಎರಡು ಮೂರು ಸಲ ಮಾತ್ರ ಕಾಣಿಸಿಕೊಳ್ಳುವ ಭೇದವನ್ನು, ಕತ್ತಲೆಗೂ ಬೆಳಕಿಗೂ ಇರುವ ಅಂತರದಂತೆ ಬಣ್ಣಿಸುವುದು ಉತ್ಪ್ರೇಕ್ಷೆಯೇ ಸರಿ.

ಹಾಗಾದರೆ ಹೆಚ್ಚಿನ ಅಳತೆಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಕೇಳುವಲ್ಲಿ ಅಲ್ಲ, ಕಾಪಾಡುವಲ್ಲಿ. ಹಳೆಯ ತಟ್ಟೆಗಳಿಂದ ಸಂರಕ್ಷಣೆಗಾಗಿ ಪ್ರತಿ ತೆಗೆಯುವಾಗ ಅಳತೆಗೆ ೨೪ ಬಿಟ್, ಸೆಕೆಂಡಿಗೆ ಕನಿಷ್ಠ ೪೮,೦೦೦ ಅಳತೆಗಳಿರಬೇಕೆಂದು ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘ ವಿಧಿಸಿದೆ. ಮುಂದೆ ಶುದ್ಧಿಗೊಳಿಸುವವರಿಗೆ ಕೈಯಾಡಿಸಲು ಎಡೆಯಿರಬೇಕಲ್ಲವೆ? ಭಂಡಾರದ ಪ್ರತಿಗೂ ಓದುಗನ ಪ್ರತಿಗೂ ಇರುವ ಈ ಭೇದವನ್ನು ಪೋನೋವಿನ ಪ್ರಚಾರಕರು ಮರೆತರು.

೫

ಎರಡನೆಯ ಉತ್ತರ, ಯಂತ್ರಕ್ಕೆ ಬೇರೊಂದು ವರ್ಧಕವನ್ನು ಜೋಡಿಸಬೇಕೆಂಬುದು. ಇದನ್ನು ಸಾರಾಸಗಟಾಗಿ ಒಪ್ಪುವುದೂ ತಪ್ಪು, ತಳ್ಳುವುದೂ ತಪ್ಪು. ಹೆಡ್‌ಫೋನಿಗೆ ಇಂಪೀಡೆನ್ಸ್ ಎಂಬ ವಿದ್ಯುತ್ ಪ್ರತಿರೋಧವೊಂದಿದೆ. ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಒಂದು ಮಿಲಿವಾಟ್ ಶಕ್ತಿಗೆ ೧೦೦ ಡೆಸಿಬೆಲ್ ಸದ್ದು ಕೊಡುವ ಎರಡು ಹೆಡ್‌ಫೋನುಗಳಿವೆ ಎಂದಿಟ್ಟುಕೊಳ್ಳೋಣ. ಒಂದರ ಪ್ರತಿರೋಧ ೩೨ ಓಮ್, ಇನ್ನೊಂದರದು ೩೦೦. ಸಂಗೀತದ ಏರುಗಳಲ್ಲಿ ೧೧೦ ಡೆಸಿಬೆಲ್ ಮುಟ್ಟಬೇಕಾದರೆ ಎರಡಕ್ಕೂ ಹತ್ತು ಮಿಲಿವಾಟ್ ಬೇಕು. ಆದರೆ ಅದಕ್ಕಾಗಿ ಮೊದಲನೆಯದಕ್ಕೆ ಸುಮಾರು ೦.೫೭ ವೋಲ್ಟ್ ಸಾಕು. ಎರಡನೆಯದಕ್ಕೆ ಸುಮಾರು ೧.೭ ವೋಲ್ಟ್ ಬೇಕು. ಸಣ್ಣ ಬ್ಯಾಟರಿಯ ಹಲವು ಯಂತ್ರಗಳು ಒಂದು ವೋಲ್ಟಿನ ಆಸುಪಾಸಿನಲ್ಲಿಯೇ ನಿಂತುಬಿಡುತ್ತವೆ. ಮೊದಲನೆಯದಕ್ಕೆ ವರ್ಧಕ ಜೋಡಿಸುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ; ಎರಡನೆಯದಕ್ಕೆ ಅದು ನಿಜವಾಗಿ ಅವಶ್ಯಕ.

ಯಂತ್ರಕ್ಕೂ ತನ್ನದೇ ಒಂದು ಒಳಪ್ರತಿರೋಧವಿದೆ. ಅದು ಹೆಡ್‌ಫೋನಿನ ಪ್ರತಿರೋಧದ ಎಂಟನೆಯ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರ ಸ್ಥೂಲ ನಿಯಮ. ೩೨ ಓಮ್‌ಗಳ ಹೆಡ್‌ಫೋನಿಗೆ ಯಂತ್ರದ್ದು ೪ನ್ನು ಮೀರಬಾರದು. ಇದರ ಕಾರಣ ಸರಳ. ಹಲವು ಹೆಡ್‌ಫೋನುಗಳ ಪ್ರತಿರೋಧ ಎಲ್ಲ ಸ್ವರಗಳಲ್ಲಿಯೂ ಒಂದೇ ಆಗಿರುವುದಿಲ್ಲ. ಅದರಲ್ಲೂ ಕಿವಿಯೊಳಗೆ ಕೂರುವ, ಹಲವು ಸಣ್ಣ ಚಾಲಕಗಳುಳ್ಳ ಬಗೆಯಲ್ಲಿ ಅದು ಬಹಳ ಏರಿಳಿಯುತ್ತದೆ. ಯಂತ್ರದ ಒಳಪ್ರತಿರೋಧ ಹೆಚ್ಚಾಗಿದ್ದರೆ ಆ ಏರಿಳಿತವೆಲ್ಲ ಧ್ವನಿಯ ಮೇಲೆ ಮುದ್ರೆಯೊತ್ತುತ್ತದೆ. ಒಂದೆಡೆ ಮಂದ್ರ ಉಬ್ಬಿ, ಇನ್ನೊಂದೆಡೆ ತಾರ ಕುಗ್ಗುತ್ತದೆ. ತಂತಿಯಿಲ್ಲದ ಹೆಡ್‌ಫೋನಿನಲ್ಲಿ ವರ್ಧಕ ಅದರೊಳಗೇ ಇರುವುದರಿಂದ ಕೇಳುವವನಿಗೆ ಈ ಚಿಂತೆಯಿಲ್ಲ.

೬

ಮೂರನೆಯ ಉತ್ತರ ಹೆಡ್‌ಫೋನನ್ನೇ ಬದಲಾಯಿಸುವುದು. ನಿಷ್ಠೆಯ ದೃಷ್ಟಿಯಿಂದ ಸರಪಣಿಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ ಎಂಬುದರಲ್ಲಿ ಸಂದೇಹವಿಲ್ಲ. ಸಾಮಾನ್ಯವಾದ ಒಳ್ಳೆಯ ಎರಡು ಯಂತ್ರಗಳ ನಡುವಣ ಅಂತರ ಒಂದು ಡೆಸಿಬೆಲಿಗೂ ಕಡಮೆಯಿರಬಹುದು. ಎರಡು ಹೆಡ್‌ಫೋನುಗಳ ನಡುವೆ ಕೆಲವು ಸ್ವರಗಳಲ್ಲಿ ಹತ್ತು ಡೆಸಿಬೆಲಿನ ಅಂತರವೂ ಉಂಟು. ಹಣವಿದ್ದರೆ ಅದನ್ನು ಇಲ್ಲಿ ವ್ಯಯಿಸುವುದು ಯುಕ್ತ. ಆದರೆ ಬೆಲೆ ಹೆಚ್ಚಾದುದೇ ಉತ್ತಮವೆಂದು ತಿಳಿಯಬಾರದು. ಯೆರೂನ್ ಬ್ರೇಬಾರ್ಟ್ ಎಂಬವನು ೨೦೧೭ರಲ್ಲಿ ೨೮೩ ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಅವುಗಳ ಸ್ವರಸ್ಪಂದನಕ್ಕೂ ಅಂಗಡಿಯ ಬೆಲೆಗೂ ಸ್ಪಷ್ಟವಾದ ಸಂಬಂಧವಿಲ್ಲವೆಂದು ತೋರಿಸಿದ್ದಾನೆ.

ಕಾಸಿನ ವೆಚ್ಚವಿಲ್ಲದ ಒಂದು ಸುಧಾರಣೆಯನ್ನು ಜನ ಹೆಚ್ಚಾಗಿ ಅಲಕ್ಷಿಸುತ್ತಾರೆ. ಕಿವಿಯೊಳಗೆ ಕೂರುವ ಹೆಡ್‌ಫೋನಿನ ತುದಿಯ ರಬ್ಬರ್ ಬಿರಡೆ ಕಿವಿಯ ದ್ವಾರವನ್ನು ಸಂದಿಲ್ಲದೆ ಮುಚ್ಚಬೇಕು. ಸಂದಿದ್ದರೆ ಮಂದ್ರವೆಲ್ಲ ಆ ಸಂದಿನಿಂದ ಸೋರಿಹೋಗುತ್ತದೆ. ಆಗ ಕೇಳುವವನು ಯಂತ್ರದಲ್ಲಿ ಮಂದ್ರವಿಲ್ಲವೆಂದು ದೂರಿ ಮಂದ್ರವರ್ಧಕ ಗುಂಡಿಯನ್ನು ಒತ್ತುತ್ತಾನೆ. ನಾನು ಮಾಡಿದುದೂ ಇದನ್ನೇ. ಪೆಟ್ಟಿಗೆಯಲ್ಲಿ ಮೂರು ಅಳತೆಯ ಬಿರಡೆಗಳಿದ್ದುವು. ಮೊದಲೇ ಸಿಕ್ಕಿಸಿದ್ದುದನ್ನು ಬದಲಾಯಿಸುವ ಯೋಚನೆಯೇ ನನಗೆ ಬರಲಿಲ್ಲ. ದೊಡ್ಡ ಬಿರಡೆಯನ್ನು ಹಾಕಿದ ದಿನ ಗುಂಡಿ ಬೇಡವಾಯಿತು.

ಮಂದ್ರ ತಾರಗಳನ್ನು ಏರಿಳಿಸುವ ಸಾಧನವೇ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಹೆಡ್‌ಫೋನಿನ ತಿಳಿದ ದೋಷವೊಂದನ್ನು ಸರಿದೂಗಿಸಲು ಅದನ್ನು ಬಳಸಿದರೆ ಅದು ಪಾಠಶೋಧನೆ. ಕಿವಿಗೆ ಇಂಪಾಗಲೆಂದು ಬೇಕಾದಲ್ಲಿ ಉಬ್ಬಿಸಿದರೆ ಅದು ಪ್ರಕ್ಷೇಪ. ಪ್ರಕ್ಷೇಪವನ್ನು ಓದಿ ಆನಂದಿಸಬಹುದು. ಅದನ್ನು ಮೂಲವೆಂದು ಉದಾಹರಿಸಬಾರದು.

೭

ಇಷ್ಟು ಉತ್ತರಗಳಲ್ಲಿ ನಿಜವನ್ನು ಆರಿಸುವ ಬಗೆ ಯಾವುದು? ‘ನನ್ನ ಕಿವಿಯೇ ನನಗೆ ಪ್ರಮಾಣ’ ಎಂದು ಅನೇಕರು ಹೇಳುತ್ತಾರೆ. ಇದು ಅರ್ಧ ಸತ್ಯ. ಬೆಲೆಯನ್ನು ಕಣ್ಣು ಓದಿದ ಮೇಲೆ ಕಿವಿ ಸ್ವತಂತ್ರವಾಗಿ ಉಳಿಯುವುದಿಲ್ಲ. ಅಲ್ಲದೆ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ೧೯೩೩ರಲ್ಲಿಯೇ ತೋರಿಸಿದಂತೆ, ಸದ್ದು ಕಡಮೆಯಾದಾಗ ಕಿವಿಗೆ ಮಂದ್ರ ಬೇಗ ಮರೆಯಾಗುತ್ತದೆ; ಸದ್ದು ಹೆಚ್ಚಿದಾಗ ಅದೇ ಸಂಗೀತ ತುಂಬಿಕೊಂಡಂತೆ ತೋರುತ್ತದೆ. ಆದಕಾರಣ ಎರಡು ಯಂತ್ರಗಳಲ್ಲಿ ಒಂದು ಕೊಂಚ ಗಟ್ಟಿಯಾಗಿ ನುಡಿದರೆ ಅದೇ ‘ಉತ್ತಮ’ವೆಂದು ಗೆಲ್ಲುತ್ತದೆ. ಸದ್ದನ್ನು ಅಳೆದು ಸಮಗೊಳಿಸಿ, ಯಾವುದು ಯಾವುದೆಂದು ಕೇಳುವವನಿಗೆ ತಿಳಿಯದಂತೆ ಮಾಡಿ, ಹಲವು ಸಲ ಪರೀಕ್ಷಿಸಿದ ಹೊರತು ಹೋಲಿಕೆಗೆ ಬೆಲೆಯಿಲ್ಲ. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದಾಗ, ಬಿ. ಎಲ್. ರೈಸ್ ಅವುಗಳ ಪಕ್ಷ ವಹಿಸಿದ ಕಥೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿದೆ. ಅಲ್ಲಿ ಚರ್ಚೆ ನಡೆದುದು ಲಿಪಿ, ತಿಥಿ, ಭಾಷೆಗಳ ಮೇಲೆ. ಶಾಸನ ನೋಡಲು ಅಂದವಾಗಿದೆಯೆಂದು ಯಾರೂ ವಾದಿಸಲಿಲ್ಲ.

ಸದ್ದಿನ ಮಟ್ಟದ ಮಾತು ಬಂದುದರಿಂದ ಇನ್ನೊಂದನ್ನು ಹೇಳದಿರಲಾಗದು. ಬಸ್ಸಿನಲ್ಲಿ ಕೇಳುವವನು ಎಂಜಿನಿನ ಸದ್ದನ್ನು ಮೀರಿಸಲು ಧ್ವನಿಯನ್ನು ಏರಿಸುತ್ತಾನೆ. ವಯಸ್ಕನಿಗೆ ವಾರಕ್ಕೆ ೪೦ ಗಂಟೆಗಳ ಕಾಲ ೮೦ ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇರೆ. ಪ್ರತಿ ೩ ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ: ೮೩ಕ್ಕೆ ೨೦ ಗಂಟೆ, ೯೦ಕ್ಕೆ ಸುಮಾರು ೪ ಗಂಟೆ, ೧೦೦ಕ್ಕೆ ಸುಮಾರು ೨೦ ನಿಮಿಷ, ಇದು ದಿನಕ್ಕಲ್ಲ, ವಾರಕ್ಕೆ. ಒಳಗಿವಿಯ ಸೂಕ್ಷ್ಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಬಿರಡೆ ಸರಿಯಾಗಿ ಕೂತು ಹೊರಸದ್ದನ್ನು ತಡೆದರೆ, ಕಡಮೆ ಮಟ್ಟದಲ್ಲಿಯೇ ಸಂಗೀತ ಸ್ಪಷ್ಟವಾಗುತ್ತದೆ. ನಿಷ್ಠೆಯ ಮಾರ್ಗವೂ ಆರೋಗ್ಯದ ಮಾರ್ಗವೂ ಇಲ್ಲಿ ಒಂದಾಗುತ್ತವೆ. ಆದರೆ ಅಂಥ ಹೆಡ್‌ಫೋನನ್ನು ಧರಿಸಿ ರಸ್ತೆ ದಾಟಬಾರದೆಂಬುದನ್ನೂ ಒತ್ತಿ ಹೇಳಬೇಕು. ತರಗತಿಯಲ್ಲಿ ನಮ್ಮ ಮಾತು ಹಿಂದಿನ ಬೆಂಚಿಗೆ ಕೇಳಿಸದಾಗ ದೋಷ ನಮ್ಮ ಕಂಠದ್ದೆಂದು ಇದುವರೆಗೆ ಎಣಿಸುತ್ತಿದ್ದೆವು. ಇನ್ನು ಹತ್ತು ವರ್ಷಗಳಲ್ಲಿ ಅದು ಕೇಳುವವರ ಕಿವಿಯದೂ ಆಗಿಬಿಟ್ಟರೆ, ಆಕರವನ್ನು ಆಲಿಸಬಲ್ಲ ಇತಿಹಾಸಕಾರರನ್ನು ಎಲ್ಲಿಂದ ತರುವುದು?

೮

ಇಷ್ಟರಿಂದ ನಾವು ಮುಟ್ಟುವ ನಿರ್ಣಯ ಹೀಗೆ. ಕೈಯಂತ್ರದಿಂದ ಒಳ್ಳೆಯ ಧ್ವನಿ ಬೇಕೆನ್ನುವವನು ಮೊದಲು ಮೂಲಕ್ಕೆ ಹತ್ತಿರದ ಪ್ರತಿಯನ್ನು ಸಂಪಾದಿಸಬೇಕು. ಎರಡನೆಯದಾಗಿ, ಇರುವ ಹೆಡ್‌ಫೋನನ್ನು ಕಿವಿಗೆ ಸರಿಯಾಗಿ ಕೂಡಿಸಬೇಕು. ಮೂರನೆಯದಾಗಿ, ಉಬ್ಬಿಸುವ ಗುಂಡಿಗಳನ್ನೆಲ್ಲ ಬಿಡಿಸಿ ಒಂದು ವಾರ ಕೇಳಬೇಕು. ಆಮೇಲೂ ಕೊರತೆಯಿದ್ದರೆ ಹೆಡ್‌ಫೋನನ್ನು ಬದಲಾಯಿಸಬೇಕು. ಹೊಸ ಹೆಡ್‌ಫೋನು ಯಂತ್ರದ ಶಕ್ತಿಗೆ ಮೀರಿದುದಾದರೆ ಮಾತ್ರ ವರ್ಧಕ. ಸಿ.ಡಿ.ಯನ್ನು ಮೀರಿದ ಅಳತೆಯ ಕಡತಗಳು ಎಲ್ಲಕ್ಕಿಂತ ಕೊನೆಗೆ. ಮಾರುಕಟ್ಟೆ ಈ ಕ್ರಮವನ್ನು ಹೆಚ್ಚುಕಡಮೆ ತಲೆಕೆಳಗಾಗಿ ಬೋಧಿಸುತ್ತದೆ. ಅದಕ್ಕೆ ಕಾರಣವನ್ನು ವಾಚಕರೇ ಊಹಿಸಬಲ್ಲರು.

ಧ್ವನಿಯನ್ನು ಆಕರವಾಗಿ ಬಳಸುವ ನಮ್ಮ ವಿದ್ಯಾರ್ಥಿಗಳಿಗೆ ಇನ್ನೂ ಒಂದು ನಿಯಮ ಅವಶ್ಯಕವೆಂದು ನನಗೆ ತೋರುತ್ತದೆ. ಹಸ್ತಪ್ರತಿಯನ್ನು ಉದಾಹರಿಸುವಾಗ ಅದು ಎಲ್ಲಿಯದು, ಯಾರ ಪ್ರತಿ ಎಂದು ಬರೆಯುವಂತೆ, ಧ್ವನಿಯನ್ನು ಉದಾಹರಿಸುವಾಗಲೂ ಅದು ತಟ್ಟೆಯಿಂದ ಎಷ್ಟನೆಯ ಪ್ರತಿ, ಯಾವ ಕ್ರಮದಲ್ಲಿ ಕಟ್ಟಿದ್ದು, ಯಾವ ಹೆಡ್‌ಫೋನಿನಲ್ಲಿ ಕೇಳಿದ್ದು ಎಂಬುದನ್ನು ಬರೆಯಬೇಕು. ಹಾಡಿನ ಜೊತೆಗೆ, ಹಾಡಿಗೆ ಮುಂಚಿನ ಮೌನವನ್ನೂ ಅನಂತರದ ಮೌನವನ್ನೂ ಕತ್ತರಿಸದೆ ಕೇಳಬೇಕು. ವಿದ್ಯಾರ್ಥಿನಿ ನನ್ನ ತಪ್ಪನ್ನು ಹಿಡಿದುದು ಆ ಎರಡು ಸೆಕೆಂಡುಗಳ ಮೌನದಲ್ಲಿ.

ಆ ತಟ್ಟೆಯನ್ನು ಈಚೆಗೆ ಮತ್ತೆ ಕೇಳಿದೆ. ಗುಂಡಿ ಬಿಡಿಸಿ, ಬಿರಡೆ ಬಿಗಿಮಾಡಿ, ಸದ್ದು ತಗ್ಗಿಸಿ. ತಂಬೂರಿ ಹೋಯಿತು. ಆದರೆ ಅದುವರೆಗೆ ಗುಂಯ್‌ಕಾರದಲ್ಲಿ ಮುಳುಗಿದ್ದ ಒಂದು ಸಂಗತಿ ಮೇಲೆದ್ದು ಬಂದಿತು. ಎರಡನೆಯ ಸಾಲಿನ ಮೊದಲಲ್ಲಿ ಗಾಯಕಿ ಉಸಿರೆಳೆದುಕೊಳ್ಳುತ್ತಾಳೆ; ಆ ಉಸಿರು ಅವಸರದ್ದು. ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಅಷ್ಟರೊಳಗೆ ಹಾಡನ್ನು ಮುಗಿಸಬೇಕೆಂಬ ಆತುರ ಅದರಲ್ಲಿದೆಯೆಂದು ನನಗೆ ತೋರುತ್ತದೆ. ನಾನು ಕಳೆದುಕೊಂಡ ಪ್ರಬಂಧಕ್ಕಿಂತ ಆ ಉಸಿರು ಹೆಚ್ಚಿನ ಆಕರವೆಂದೇ ನನ್ನ ನಂಬಿಕೆ. ಆದರೆ ಈ ಸಲ ಅದನ್ನು ಗೋಷ್ಠಿಯಲ್ಲಿ ಓದುವ ಮೊದಲು, ಪ್ರತಿಯನ್ನು ಆ ವಿದ್ಯಾರ್ಥಿನಿಗೆ ಕೊಟ್ಟಿದ್ದೇನೆ.